ಅಕ್ಟೋಬರ್‌ನಲ್ಲಿ ಹುಟ್ಟಿ ಜನವರಿಯಲ್ಲಿ ನಂಬರ್ ಬಿದ್ದ ಕಾರು: ಇದು ಯಾವ ಮಾಡೆಲ್?

ಪ್ರಶ್ನೆ: ನಾನು ಮಳವಳ್ಳಿ ಹತ್ತಿರದ ಹೈಸ್ಕೂಲಿನಲ್ಲಿ ಟೀಚರ್. ದಿನಾ ಬಸ್ಸಿಗೆ ಕಾದು ಸಾಕಾಗಿದೆ. ಒಂದು ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಳ್ಳೋಣ ಅಂತ ನಾನೂ ನಮ್ಮ ಯಜಮಾನರೂ ಮೈಸೂರಿನ ಹಳೇ ಕಾರಿನ ಅಂಗಡಿಗೆ ಹೋಗಿದ್ದೆವು. ಹ್ಯುಂಡೈ ಕಂಪನಿಯ ಪೆಟ್ರೋಲ್ ಐ20, ಒಬ್ಬರೇ ಓನರ್, 41 ಸಾವಿರ ಕಿಲೋಮೀಟರ್ ಓಡಿದೆ. ‘2019 ಮಾಡೆಲ್ ಮೇಡಂ’ ಅಂತ ಹೇಳಿ 5 ಲಕ್ಷ 40 ಸಾವಿರಕ್ಕೆ ಮಾತಾಯಿತು. 20 ಸಾವಿರ ಅಡ್ವಾನ್ಸ್ ಕೊಟ್ಟು ಬಂದೆವು. ಮನೆಗೆ ಬಂದು ಆರ್‌ಸಿ ಫೋಟೋ ದೊಡ್ಡದು ಮಾಡಿ ನೋಡಿದರೆ ರಿಜಿಸ್ಟ್ರೇಷನ್ ದಿನಾಂಕ 17-01-2019, ತಯಾರಾದ ತಿಂಗಳು 10/2018. ನಮ್ಮ ಭಾವ ‘ಇದು 2018 ಮಾಡೆಲ್, ಚಾಸಿ ನಂಬರಿನಲ್ಲೇ ಜೆ ಅಂತ ಇದೆ, ನಿಮಗೆ ಟೋಪಿ ಹಾಕಿದ್ದಾರೆ’ ಎನ್ನುತ್ತಾರೆ. ಅದೇ ನಂಬರ್ ನೋಡಿದ ಇನ್ನೊಬ್ಬರು ‘ಎಂ ಅಂತ ಇದೆ, ಅಂದರೆ 2021’ ಎಂದರು! ಕಾರಿನವರನ್ನು ಕೇಳಿದರೆ ರಿಜಿಸ್ಟರ್ ಆದ ವರ್ಷವೇ ಮಾಡೆಲ್ ಅಂತೆ. ಪಕ್ಕದ ಮನೆಯವರಿಗೆ ಗೊತ್ತಿರುವ ಏಜೆಂಟ್ ಒಬ್ಬರು 8 ಸಾವಿರ ಕೊಟ್ಟರೆ ಆರ್‌ಸಿಯಲ್ಲೇ 2019 ಮಾಡಿಸಿಕೊಡುತ್ತಾರಂತೆ. 15 ವರ್ಷಕ್ಕೆ ಗುಜರಿಗೆ ಹಾಕಬೇಕು ಅಂತಾರಲ್ಲ, ಅದು 2033ಕ್ಕೋ 2034ಕ್ಕೋ? ಈ ಕಾರು ತೆಗೆದುಕೊಳ್ಳಲೋ ಬಿಡಲೋ?

ಉತ್ತರ: ಮೇಡಂ, ನಿಮ್ಮ ಭಾವನವರು ಹೇಳಿದ್ದು ಸರಿ. ಕಾರಿನವರು ಹೇಳಿದ್ದೂ ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ಆದರೆ ಆ ಅರ್ಧ ನಿಜಕ್ಕೆ ಪೂರ್ತಿ ರೇಟು ಕೇಳಿದ್ದಾರೆ. ಎಂ ಅಂದರೆ 2021 ಎಂದವರನ್ನು ಸದ್ಯಕ್ಕೆ ಬಿಟ್ಟುಬಿಡೋಣ, ಅವರ ಹತ್ತಿರ ಆಮೇಲೆ ಬರುತ್ತೇನೆ. ಏಜೆಂಟರ ಮಾತು ಮಾತ್ರ ಈಗಲೇ ಮುಗಿಸಿಬಿಡಿ. ಆ 8 ಸಾವಿರ ಕೊಡಬೇಡಿ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ನಿಮ್ಮ ಗೊಂದಲ ಹೊಸದಲ್ಲ. ಮೈಸೂರಿನಲ್ಲಿ ಗಾಡಿಗಳ ಸರ್ವೆ, ವ್ಯಾಲ್ಯುಯೇಷನ್ ಅಂತ 26 ವರ್ಷದಿಂದ ಓಡಾಡಿಕೊಂಡಿದ್ದೇನೆ. ಪ್ರತಿವರ್ಷ ಜನವರಿ, ಫೆಬ್ರವರಿಯಲ್ಲಿ ರಿಜಿಸ್ಟರ್ ಆದ ಕಾರು ಮಾರಾಟಕ್ಕೆ ಬಂದಾಗಲೆಲ್ಲ ಈ ಜಗಳ ಇದ್ದದ್ದೇ. ಮಾರುವವರು ಒಂದು ವರ್ಷ ಹೇಳುತ್ತಾರೆ, ಕೊಳ್ಳುವವರು ಇನ್ನೊಂದು. ಇಬ್ಬರ ಕೈಯಲ್ಲಿರುವುದೂ ಅದೇ ಆರ್‌ಸಿ.

ನಮ್ಮ ಕಡೆ ಹಳಬರ ಹುಟ್ಟಿದ ದಿನದ ಕತೆ ನಿಮಗೆ ಗೊತ್ತೇ ಇರುತ್ತದೆ, ನೀವು ಟೀಚರ್ ಅಲ್ವಾ. ಸ್ಕೂಲಿಗೆ ಸೇರಿಸಲು ಹೋದಾಗ ಮಗು ಹುಟ್ಟಿದ್ದು ಯಾವಾಗ ಅಂತ ಅಪ್ಪನಿಗೇ ನೆನಪಿಲ್ಲ. ಮೇಷ್ಟ್ರು ಜೂನ್ 1 ಅಂತ ಬರೆದುಕೊಂಡರು. ಮುಂದೆ ಕೆಲಸಕ್ಕೆ ಸೇರುವುದು, ರಿಟೈರ್ ಆಗುವುದು ಎಲ್ಲಾ ಜೂನ್ 1ರ ಲೆಕ್ಕದಲ್ಲೇ. ಜಾತಕ ನೋಡುವಾಗ ಮಾತ್ರ ಅಜ್ಜಿ ಹೇಳಿದ ‘ಗೌರಿ ಹಬ್ಬದ ಹಿಂದಿನ ವಾರ’ ಬೇಕು. ಕಾರಿಗೂ ಹೀಗೇ ಎರಡು ಹುಟ್ಟುಹಬ್ಬ. ಫ್ಯಾಕ್ಟರಿಯಿಂದ ಹೊರಗೆ ಬಂದ ತಿಂಗಳು ಒಂದು, ಆರ್‌ಟಿಓ ಪುಸ್ತಕಕ್ಕೆ ಹೆಸರು ಏರಿದ ದಿನ ಇನ್ನೊಂದು. ಯಾರು ಕೇಳುತ್ತಿದ್ದಾರೆ ಅನ್ನುವುದರ ಮೇಲೆ ಯಾವ ಹುಟ್ಟುಹಬ್ಬ ಅನ್ನುವುದು ನಿಂತಿದೆ. ಗಲಾಟೆಯೆಲ್ಲ ಇಲ್ಲೇ ಹುಟ್ಟುವುದು.

‘ಮಾಡೆಲ್’ ಅನ್ನುವುದು ನಮ್ಮಲ್ಲಿ ಸಂತೆ ಮಾತು. ಆರ್‌ಸಿಯಲ್ಲಿ ಹುಡುಕಿ ನೋಡಿ. ಮಾಡೆಲ್ ಅಂತ ಇರುವ ಕಡೆ ಕಾರಿನ ಹೆಸರು, ವೇರಿಯಂಟು ಇರುತ್ತದೆ, ವರ್ಷ ಇರುವುದಿಲ್ಲ. ವರ್ಷ ಬರುವುದು ತಯಾರಾದ ತಿಂಗಳು-ವರ್ಷ ಮತ್ತು ರಿಜಿಸ್ಟ್ರೇಷನ್ ದಿನಾಂಕ, ಈ ಎರಡು ಕಡೆ. ಅಮೆರಿಕದಲ್ಲಿ ‘ಮಾಡೆಲ್ ಇಯರ್’ ಅನ್ನುವುದಕ್ಕೆ ಕಾನೂನಿನಲ್ಲೇ ಜಾಗವಿದೆ. ಅಲ್ಲಿ ಈ ವರ್ಷ ತಯಾರಾದ ಕಾರನ್ನು ಮುಂದಿನ ವರ್ಷದ ಮಾಡೆಲ್ ಅಂತಲೇ ಮಾರಬಹುದು, ತಪ್ಪಿಲ್ಲ. ಆ ಪದ ನಮ್ಮ ಬಾಯಿಗೂ ಬಂದಿದೆ, ಅದರ ಹಿಂದಿನ ನಿಯಮ ಮಾತ್ರ ಬಂದಿಲ್ಲ. ಹಾಗಾಗಿ ಮಾರುವವರು ಅವರಿಗೆ ಅನುಕೂಲವಾದ ವರ್ಷವನ್ನು ಹಿಡಿದುಕೊಳ್ಳುತ್ತಾರೆ.

ಸೆಕೆಂಡ್ ಹ್ಯಾಂಡ್ ವ್ಯಾಪಾರ ಬಲ್ಲವರು ತಮ್ಮ ತಮ್ಮಲ್ಲಿ ಹೇಗೆ ಮಾತಾಡುತ್ತಾರೆ ಗೊತ್ತಾ? ‘18-19 ಗಾಡಿ’ ಎನ್ನುತ್ತಾರೆ. 2018ರಲ್ಲಿ ತಯಾರಿ, 2019ರಲ್ಲಿ ರಿಜಿಸ್ಟ್ರೇಷನ್ ಅಂತ ಅರ್ಥ. ಅವರು ನಿಮ್ಮಂಥವರಿಂದ ಕಾರು ಕೊಳ್ಳುವಾಗ 18ರ ರೇಟು ಹಾಕುತ್ತಾರೆ. ನಿಮಗೆ ಮಾರುವಾಗ ಅದು 19 ಆಗುತ್ತದೆ.

ಈಗ ಚಾಸಿ ನಂಬರ್, ಅಂದರೆ ಕಾರಿನ ಮೈಯಲ್ಲೇ ಕೊರೆದಿರುವ ಗುರುತಿನ ನಂಬರಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅರ್ಧ ತಿಳಿದವರು ಇದರಲ್ಲಿ ಜಾಸ್ತಿ ಎಡವುತ್ತಾರೆ.

ಚಾಸಿ ನಂಬರಿನಲ್ಲಿ 17 ಅಕ್ಷರ-ಅಂಕಿ ಇರುತ್ತವೆ. ಮೊದಲ ಮೂರು ಕಂಪನಿಯ ಗುರುತು. ನಿಮ್ಮದು ಎಂ, ಎ, ಎಲ್ ಅಂತ ಶುರುವಾಗಬೇಕು, ಅದು ಹ್ಯುಂಡೈ ಇಂಡಿಯಾದ್ದು. ಮಾರುತಿಯ ಎಷ್ಟೋ ಕಾರುಗಳಲ್ಲಿ ಎಂ, ಎ, 3 ಇರುತ್ತದೆ. ಟಾಟಾ ಆದರೆ ಎಂ, ಎ, ಟಿ. ಎಡದಿಂದ ಎಣಿಸಿಕೊಂಡು ಹೋದರೆ ಹತ್ತನೆಯದು ವರ್ಷದ ಗುರುತು. 2010ಕ್ಕೆ ಎ, 2011ಕ್ಕೆ ಬಿ, ಹೀಗೆ ಸಾಗುತ್ತದೆ. 2017ಕ್ಕೆ ಎಚ್ ಬಂತು. 2018ಕ್ಕೆ ಐ ಬರಬೇಕಿತ್ತು. ಆದರೆ ಐ ನೋಡಲು 1ರ ಥರ ಇರುವುದರಿಂದ ಅದನ್ನು ಬಿಟ್ಟು ಜೆ ಇಟ್ಟಿದ್ದಾರೆ. 2019ಕ್ಕೆ ಕೆ, 2020ಕ್ಕೆ ಎಲ್, 2021ಕ್ಕೆ ಎಂ. ಸೊನ್ನೆಯಂತೆ ಕಾಣುವ ಓ, ಕ್ಯೂ ಕೂಡ ಚಾಸಿ ನಂಬರಿನಲ್ಲಿ ಎಲ್ಲೂ ಬರುವುದಿಲ್ಲ. ಹಾಗಾಗಿ ಎನ್ ಆದಮೇಲೆ ಪಿ, 2023ಕ್ಕೆ. ನಿಮ್ಮ ಭಾವನವರು ಜೆ ಅಂದರೆ 2018 ಎಂದದ್ದು ಈ ಲೆಕ್ಕದಲ್ಲಿ. ಆರ್‌ಸಿಯ 10/2018ಕ್ಕೂ ಅದು ತಾಳೆಯಾಗುತ್ತದೆ.

ಇನ್ನು ಆ ಎಂ. ಹ್ಯುಂಡೈ ಕಾರುಗಳಲ್ಲಿ ವರ್ಷದ ಅಕ್ಷರದ ಪಕ್ಕದಲ್ಲೇ, ಹನ್ನೊಂದನೇ ಜಾಗದಲ್ಲಿ, ಫ್ಯಾಕ್ಟರಿಯ ಗುರುತು ಇರುತ್ತದೆ. ಚೆನ್ನೈ ಹತ್ತಿರದ ಫ್ಯಾಕ್ಟರಿಯಲ್ಲಿ ತಯಾರಾದ ಕಾರುಗಳಿಗೆ ಅದು ಎಂ. 2015ರ ಕಾರಿನಲ್ಲೂ ಎಂ, 2018ರದ್ದರಲ್ಲೂ ಎಂ. ಎಣಿಸುವಾಗ ಒಂದು ಮನೆ ತಪ್ಪಿದರೆ ಕಾರಿನ ವಯಸ್ಸು ಮೂರು ವರ್ಷ ಕಡಿಮೆಯಾಗಿಬಿಡುತ್ತದೆ! ಬೆರಳಿಟ್ಟು ಎಣಿಸಿ, ಕಣ್ಣಳತೆ ಬೇಡ.

ಒಂದು ಎಚ್ಚರಿಕೆ. ತಿಂಗಳ ಗುರುತು ಎಲ್ಲಿರುತ್ತದೆ ಅನ್ನುವುದು ಕಂಪನಿಗೊಂದು ರೀತಿ. ಹಳೆಯ ಕೆಲವು ಕಾರುಗಳಲ್ಲಿ ಹತ್ತನೇ ಜಾಗದಲ್ಲಿ ಸುಮ್ನೆ ಸೊನ್ನೆ ಇರುವುದೂ ಉಂಟು. ವಿದೇಶದಿಂದ ಬಂದ ಕಾರುಗಳಲ್ಲಿ ಆ ಅಕ್ಷರ ಮುಂದಿನ ವರ್ಷದ್ದಾಗಿರಬಹುದು. ಹಾಗಾಗಿ ಚಾಸಿ ನಂಬರನ್ನು ಸಾಕ್ಷಿ ಅಂತ ಇಟ್ಟುಕೊಳ್ಳಿ, ತೀರ್ಪು ಅಂತ ಅಲ್ಲ. ಕೊನೆಯ ಮಾತು ಆರ್‌ಸಿಯಲ್ಲಿರುವ ತಯಾರಿ ತಿಂಗಳದ್ದು. ಅದರ ಹಿಂದೆ ಎರಡು ಕಾಗದ ಇರುತ್ತವೆ: ಶೋರೂಮಿನವರು ಕೊಡುವ ಮಾರಾಟ ಪತ್ರ, ಅಂದರೆ ಫಾರಂ 21, ಮತ್ತು ಕಂಪನಿ ಕೊಡುವ ಫಾರಂ 22. ಫಾರಂ 21ರಲ್ಲಿ ತಯಾರಾದ ತಿಂಗಳು, ವರ್ಷಕ್ಕೆ ಬೇರೆಯೇ ಗೆರೆ ಇದೆ. ಮೊದಲ ಓನರ್ ಜೋಪಾನದವರಾಗಿದ್ದರೆ ಫೈಲಿನಲ್ಲಿ ಇದು ಇದ್ದೇ ಇರುತ್ತದೆ. ಕೇಳಿ ನೋಡಿ.

ಈಗ ಏಜೆಂಟರ ವಿಷಯ. ಈ ತಯಾರಿ ತಿಂಗಳು ಈಗ ಆರ್‌ಟಿಓ ಗುಮಾಸ್ತರು ಕೂತು ಟೈಪ್ ಮಾಡುವ ವಿಷಯವಲ್ಲ. ಕಂಪನಿಯಿಂದಲೇ ಚಾಸಿ ನಂಬರಿನ ಜೊತೆ ಸರ್ಕಾರದ ‘ವಾಹನ್’ ಕಂಪ್ಯೂಟರಿಗೆ ಮಾಹಿತಿ ಹೋಗುತ್ತದೆ. ಹಳೆಯ ಗಾಡಿಗಳಲ್ಲಿ ನಿಜವಾಗಿ ತಪ್ಪು ಬಿದ್ದಿದ್ದರೆ ತಿದ್ದಿಸಬಹುದು. ಒಮ್ಮೆ ನನ್ನ ಮುಂದೆ ಒಂದು ಆರ್‌ಸಿ ಬಂತು. ರಿಜಿಸ್ಟ್ರೇಷನ್ ಫೆಬ್ರವರಿಯಲ್ಲಿ, ತಯಾರಿ ಅದೇ ವರ್ಷದ ನವೆಂಬರ್‌ನಲ್ಲಿ! ಹುಟ್ಟುವ ಮೊದಲೇ ಸ್ಕೂಲಿಗೆ ಸೇರಿದ ಮಗು. ಹಿಂದಿನ ವರ್ಷದ ಅಂಕಿ ಹಾಕುವ ಕಡೆ ಆ ವರ್ಷದ್ದು ಬಿದ್ದಿತ್ತು, ಅಷ್ಟೇ. ಇನ್‌ವಾಯ್ಸು, ಫಾರಂ 21, ಫಾರಂ 22 ಇಟ್ಟು ಅರ್ಜಿ ಹಾಕಿದರು. ಗಾಡಿ ತೋರಿಸಿ, ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು ಕೊಟ್ಟರು. ಸರಿಯಾಯಿತು. ಕಾಗದ ಕೆಲಸ ಮಾಡಿತು, ಏಜೆಂಟ್ ಅಲ್ಲ.

ನಿಮ್ಮ ಆರ್‌ಸಿಯಲ್ಲಿ ತಪ್ಪೇ ಇಲ್ಲ. 10/2018 ಅನ್ನುವುದು ನಿಜ. ನಿಜವನ್ನು ಸುಳ್ಳು ಮಾಡಿಸಲು ದುಡ್ಡು ಕೊಟ್ಟರೆ ಅದಕ್ಕೆ ತಿದ್ದುಪಡಿ ಅಂತ ಹೆಸರಿಲ್ಲ, ಫೋರ್ಜರಿ ಅಂತ ಹೆಸರು. ನಾಳೆ ಆಕ್ಸಿಡೆಂಟ್ ಆಗಿ ಇನ್ಶೂರೆನ್ಸ್ ಪರವಾಗಿ ನನ್ನಂಥ ಸರ್ವೇಯರ್ ಬಂದು ನೋಡಿದಾಗ ಆರ್‌ಸಿಯಲ್ಲಿ 2019, ಚಾಸಿಯಲ್ಲಿ ಜೆ, ಹಳೆಯ ಪಾಲಿಸಿಯಲ್ಲಿ 2018 ಅಂತ ಕಂಡರೆ ಏನಾಗುತ್ತದೆ ಹೇಳಿ. ಕ್ಲೇಮ್ ನಿಲ್ಲುತ್ತದೆ. ಆಮೇಲೆ ಗಾಡಿ ಕದ್ದದ್ದಾ, ಎರಡು ಗಾಡಿ ಸೇರಿಸಿದ್ದಾ ಅಂತ ಪ್ರಶ್ನೆ ಶುರುವಾಗುತ್ತದೆ. ಉತ್ತರ ಹೇಳಬೇಕಾದವರು ನೀವು, ಏಜೆಂಟ್ ಅಷ್ಟು ಹೊತ್ತಿಗೆ ಫೋನ್ ಎತ್ತುವುದಿಲ್ಲ. ಮೂರು ತಿಂಗಳ ವಯಸ್ಸಿಗೆ ಇಷ್ಟೆಲ್ಲ ಬೇಕಾ?

ಸರಿ, 15 ವರ್ಷದ ಮಾತಿಗೆ ಬರೋಣ. ಇಲ್ಲಿ ಕಾರಿನವರ ಮಾತು ಗೆಲ್ಲುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಸ್ವಂತ ಬಳಕೆಯ ಗಾಡಿಯ ರಿಜಿಸ್ಟ್ರೇಷನ್‌ಗೆ 15 ವರ್ಷದ ಆಯಸ್ಸು. ಎಣಿಕೆ ಶುರುವಾಗುವುದು ರಿಜಿಸ್ಟ್ರೇಷನ್ ಪತ್ರ ಕೊಟ್ಟ ದಿನದಿಂದ, ಫ್ಯಾಕ್ಟರಿ ತಿಂಗಳಿಂದ ಅಲ್ಲ. ನಿಮ್ಮ ಕಾರಿಗೆ 16-01-2034ರವರೆಗೆ ಇರುತ್ತದೆ. ಆರ್‌ಸಿಯಲ್ಲೇ ‘ಇಲ್ಲಿಯವರೆಗೆ ಚಾಲ್ತಿ’ ಅನ್ನುವ ಕಡೆ ಆ ತಾರೀಕು ಇದೆ, ನೋಡಿಕೊಳ್ಳಿ.

ಆ ದಿನ ಕಾರು ಗುಜರಿಗೆ ಹೋಗಬೇಕು ಅನ್ನುವುದು ಮಾತ್ರ ಸುಳ್ಳು. ಈ ಹೆದರಿಕೆ ಹುಟ್ಟಿದ್ದು ದೆಹಲಿಯಿಂದ. ಅಲ್ಲಿನ ಹೊಗೆಯ ಕಾರಣಕ್ಕೆ ದೆಹಲಿ ಮತ್ತು ಸುತ್ತಲಿನ ಪ್ರದೇಶಕ್ಕೆ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಿಸಬಾರದು ಅಂತ ಹಸಿರು ನ್ಯಾಯಮಂಡಳಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅಲ್ಲಿನ ಸುದ್ದಿಯನ್ನು ಟಿವಿಯಲ್ಲಿ ನೋಡಿ ಮದ್ದೂರಿನಲ್ಲಿ ಕೂತವರು ಹೆದರಿಕೊಂಡರು. 2021ರಲ್ಲಿ ಕೇಂದ್ರ ಸರ್ಕಾರ ಗುಜರಿ ನೀತಿ ತಂದಾಗ ಹೆದರಿಕೆ ಇನ್ನೂ ಜಾಸ್ತಿಯಾಯಿತು. ಆದರೆ ಆ ನೀತಿಯಲ್ಲಿ ಸ್ವಂತ ಕಾರಿಗೆ ಮುಖ್ಯವಾದದ್ದು ವಯಸ್ಸಲ್ಲ, ಫಿಟ್‌ನೆಸ್. ನಮ್ಮಲ್ಲಿ 15 ವರ್ಷ ಆದಮೇಲೆ ಎಫ್‌ಸಿ, ಅಂದರೆ ಫಿಟ್‌ನೆಸ್ ಪರೀಕ್ಷೆ, ಮಾಡಿಸಿ, ರಿಜಿಸ್ಟ್ರೇಷನ್ ಅನ್ನು 5 ವರ್ಷಕ್ಕೆ ಮುಂದುವರಿಸಬಹುದು. ಅದು ಮುಗಿದರೆ ಮತ್ತೆ 5 ವರ್ಷ. ಅವಧಿ ಮುಗಿಯುವ 60 ದಿನ ಮೊದಲಿಂದ ಅರ್ಜಿ ಹಾಕಬಹುದು. 2022ರ ಏಪ್ರಿಲ್‌ನಿಂದ ಕಾರಿಗೆ ಈ ಶುಲ್ಕ 600ರಿಂದ 5,000 ರೂಪಾಯಿಗೆ ಏರಿದೆ. ತಡ ಮಾಡಿದರೆ ತಿಂಗಳಿಗೆ 500 ದಂಡ. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಮಾಡಿದ್ದಾರೆ. ಇದರ ಮೇಲೆ ಹಸಿರು ತೆರಿಗೆ ಬೇರೆ. 2034ಕ್ಕೆ ಈ ರೇಟೇ ಇರುತ್ತದೆ ಅಂತ ನಂಬಿ ಕೂರಬೇಡಿ. ಅಷ್ಟಕ್ಕೂ ಮೈಸೂರಿನ ಹಳೇ ಅಗ್ರಹಾರಗಳಲ್ಲಿ ಇವತ್ತಿಗೂ ಪ್ರೀಮಿಯರ್ ಪದ್ಮಿನಿ ಒರೆಸಿ ಇಟ್ಟುಕೊಂಡವರಿದ್ದಾರೆ. ಭಾನುವಾರ ಬೆಳಗ್ಗೆ ಒಂದು ಸುತ್ತು ಹೊರಡುತ್ತಾರೆ.

ಇನ್ಶೂರೆನ್ಸ್‌ನವರು ಎರಡೂ ತಾರೀಕು ಬರೆದುಕೊಳ್ಳುತ್ತಾರೆ. ಹೊಸ ಕಾರಿಗೆ ಮೊದಲ 5 ವರ್ಷ ಬೆಲೆ ಇಳಿಸುವ ಪಟ್ಟಿ ಇದೆ. ಒಂದು ವರ್ಷ ದಾಟಿದರೆ 20, ಎರಡು ದಾಟಿದರೆ 30, ಮೂರು ದಾಟಿದರೆ 40, ನಾಲ್ಕು ದಾಟಿದರೆ 50 ಶೇಕಡಾ. 5 ವರ್ಷ ಆದಮೇಲೆ ಪಟ್ಟಿ ಇಲ್ಲ, ಕಂಪನಿ ಮತ್ತು ನೀವು ಮಾತಾಡಿಕೊಂಡ ಬೆಲೆ. ನಿಮ್ಮ ಕಾರು ಆ ಗಡಿ ಎರಡೂ ಲೆಕ್ಕದಲ್ಲಿ ದಾಟಿ ಆಗಿದೆ, ಹಾಗಾಗಿ ಮೂರು ತಿಂಗಳ ವ್ಯತ್ಯಾಸ ಇಲ್ಲಿ ಕಾಣುವುದೇ ಇಲ್ಲ. ಕಾಣುವುದು ಬಿಡಿಭಾಗದ ಕ್ಲೇಮಿನಲ್ಲಿ. ಡೋರು, ಬಾನೆಟ್ ಥರದ ಲೋಹದ ಭಾಗಕ್ಕೆ 5ರಿಂದ 10 ವರ್ಷದವರೆಗೆ ಶೇಕಡಾ 40 ಕಡಿತ, 10 ದಾಟಿದರೆ 50. ಪ್ಲಾಸ್ಟಿಕ್ ಬಂಪರಿಗೆ ಹೊಸದಾದರೂ ಹಳೆಯದಾದರೂ 50. ಅಂದರೆ 2028ರ ಅಕ್ಟೋಬರ್‌ಗೂ 2029ರ ಜನವರಿಗೂ ನಡುವೆ ನೀವು ಎಲ್ಲಾದರೂ ಡೋರಿಗೆ ಗುದ್ದಿಸಿಕೊಂಡರೆ, ಆಗ ಮಾತ್ರ ಈ ಚರ್ಚೆಗೆ ಒಂದು ಬೆಲೆ ಬರುತ್ತದೆ. ಹೆಸರಿಗೆ ವರ್ಗಾಯಿಸಿಕೊಂಡ ಮೇಲೆ ಪಾಲಿಸಿಯಲ್ಲಿ ತಯಾರಿ ವರ್ಷ 2018 ಅಂತಲೇ ಇದೆಯಾ ಅಂತ ಒಮ್ಮೆ ನೋಡಿ, ಸಾಕು.

ಸಾಲ ಮಾಡುವುದಿದ್ದರೆ ಬ್ಯಾಂಕಿನಲ್ಲಿ ಮೊದಲೇ ಕೇಳಿ. ಸಾಲ ತೀರುವ ಹೊತ್ತಿಗೆ ಕಾರಿಗೆ ಇಷ್ಟೇ ವರ್ಷ ಆಗಿರಬೇಕು ಅಂತ ಒಂದು ಮಿತಿ ಇರುತ್ತದೆ. ಕೆಲವರು ತಯಾರಿಯಿಂದ ಎಣಿಸುತ್ತಾರೆ, ಕೆಲವರು ರಿಜಿಸ್ಟ್ರೇಷನ್‌ನಿಂದ. ಗಡಿಯಲ್ಲಿರುವ ಕಾರಿಗೆ ಇದರಿಂದ ಒಂದು ವರ್ಷದ ಕಂತು ಹೆಚ್ಚುಕಡಿಮೆ ಆಗಬಹುದು.

ನಂಬರ್ ಪ್ಲೇಟ್ ನೋಡಿ ವಯಸ್ಸು ಹೇಳುವವರೂ ಇದ್ದಾರೆ. ಕೆಎ 09 ಅಥವಾ ಕೆಎ 55ರಲ್ಲಿ ಹೊಸ ಸೀರೀಸ್ ಬಂದಿದೆ, ಹಾಗಾದರೆ ಹೊಸ ಕಾರು ಅಂತ. ಬೇರೆ ರಾಜ್ಯದಿಂದ ಬಂದ ಕಾರಿಗೆ ಇಲ್ಲಿ ಹೊಸ ನಂಬರ್ ಕೊಡುತ್ತಾರೆ. ದೆಹಲಿಯಲ್ಲಿ ಹತ್ತು ವರ್ಷ ಆಗುತ್ತಾ ಬಂದ ದೊಡ್ಡ ಡೀಸೆಲ್ ಗಾಡಿ ಅಗ್ಗಕ್ಕೆ ಸಿಗುತ್ತದೆ ಅಂತ ತಂದು, ಮಂಡ್ಯದಲ್ಲಿ ಕೆಎ 11 ಹಾಕಿಸಿಕೊಂಡರೆ ನಂಬರ್ ಹೊಸದು, ಮೂಳೆ ಹಳೆಯದು. ಅಂಥ ಗಾಡಿಗೆ ವಯಸ್ಸು ಎಣಿಸುವುದು ಮೊದಲ ರಿಜಿಸ್ಟ್ರೇಷನ್‌ನಿಂದಲೇ. ನಿಮ್ಮದು ಮೊದಲಿನಿಂದ ಇಲ್ಲಿಯದೇ ಆಗಿದ್ದರೆ ಈ ತಲೆನೋವು ಇಲ್ಲ.

ಇಷ್ಟು ಹೊತ್ತೂ ಕಾಗದದ ವಯಸ್ಸು ಹೇಳಿದೆ. ನನ್ನನ್ನು ಕೇಳಿದರೆ, ಎರಡು ತಾರೀಕಿನ ನಡುವಿನ ಸಮಯದಲ್ಲಿ ಕಾರು ಎಲ್ಲಿತ್ತು ಅನ್ನುವುದು ಇದಕ್ಕಿಂತ ದೊಡ್ಡ ಪ್ರಶ್ನೆ.

ಅಕ್ಟೋಬರ್‌ನಲ್ಲಿ ತಯಾರಾದ ಕಾರು ಜನವರಿಯಲ್ಲಿ ರಿಜಿಸ್ಟರ್ ಆಗುವುದರಲ್ಲಿ ಆಶ್ಚರ್ಯ ಏನಿಲ್ಲ. ಫ್ಯಾಕ್ಟರಿಯಿಂದ ಟ್ರಕ್ ಏರಿ, ಡೀಲರ್ ಯಾರ್ಡಿಗೆ ಬಂದು, ದಸರಾ-ದೀಪಾವಳಿ ಭರಾಟೆಯಲ್ಲಿ ಬಣ್ಣವೋ ವೇರಿಯಂಟೋ ಯಾರಿಗೂ ಹಿಡಿಸದೆ ಉಳಿದುಬಿಟ್ಟಿರುತ್ತದೆ. ಡಿಸೆಂಬರ್‌ನಲ್ಲಿ ಡಿಸ್ಕೌಂಟ್ ಕೊಟ್ಟು ಖಾಲಿ ಮಾಡುತ್ತಾರಲ್ಲ, ಅದರ ಗುಟ್ಟು ಇದೇ. ಕ್ಯಾಲೆಂಡರ್ ಬದಲಾದರೆ ಅದು ‘ಹೋದ ವರ್ಷದ ಗಾಡಿ’. ಬಹುಶಃ ಧನುರ್ಮಾಸ ಕಳೆಯಲಿ ಅಂತ ಮೊದಲ ಓನರ್ ಕಾದಿರಬೇಕು. 17-01-2019 ಅಂದರೆ ಸಂಕ್ರಾಂತಿ ಆಗಿ ಎರಡು ದಿನ! ಆಗ ಅವರಿಗೆ ಒಳ್ಳೆ ಡಿಸ್ಕೌಂಟ್ ಸಿಕ್ಕಿರಲೂಬಹುದು. ಆ ಡಿಸ್ಕೌಂಟಿನ ಕಾರಿಗೆ ಈಗ ನಿಮ್ಮಿಂದ 2019ರ ಬೆಲೆ ಕೇಳುತ್ತಿದ್ದಾರೆ ಅನ್ನುವುದೇ ತಕರಾರು.

ಮೂರು-ನಾಲ್ಕು ತಿಂಗಳವರೆಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಆರು ತಿಂಗಳು ದಾಟಿದರೆ ಕಾರಣ ಕೇಳುತ್ತೇನೆ. ಕೆಲವು ವರ್ಷದ ಹಿಂದೆ ಒಬ್ಬರು ಹೊಸ ಕಾರು ತೆಗೆದುಕೊಂಡು ಎರಡು ತಿಂಗಳಿಗೆ ನನ್ನ ಹತ್ತಿರ ಬಂದರು. ‘ಬ್ಯಾಟರಿ ಹೋಯ್ತು ಸಾರ್, ಸ್ಟೇರಿಂಗ್ ಅದುರುತ್ತೆ’ ಎಂದರು. ಕೆಳಗೆ ಕೂತು ನೋಡಿದೆ. ನಾಲ್ಕೂ ಟಯರಿನ ಒಂದೊಂದು ಮಗ್ಗುಲು ಸ್ವಲ್ಪ ಚಪ್ಪಟೆ. ಒಂದೇ ಕಡೆ ಭಾರ ಬಿಟ್ಟು ಬಹಳ ದಿನ ನಿಂತ ಗಾಡಿಯ ಲಕ್ಷಣ ಅದು. ವೈಪರ್ ಬುಡದ ಸಂದಿಯಲ್ಲಿ ಬೆರಳಾಡಿಸಿದರೆ ಒಣಗಿದ ಬೇವಿನ ಎಲೆ, ಕೆಂಪು ಧೂಳು. ಫಾರಂ 21 ತೆಗೆಸಿದರೆ ರಿಜಿಸ್ಟ್ರೇಷನ್‌ಗೂ ತಯಾರಿಗೂ 11 ತಿಂಗಳ ಅಂತರ. ಡೆಲಿವರಿ ದಿನ ಹಾರ, ಕೇಕು, ಫೋಟೋ ಗಡಿಬಿಡಿಯಲ್ಲಿ ಅವರು ಯಾವ ಕಾಗದವನ್ನೂ ಓದಿರಲಿಲ್ಲ. ಕಾರು ಮಾರಿದವರ ಹೆಸರು ಇಲ್ಲಿ ಬೇಡ. ಬರವಣಿಗೆಯಲ್ಲಿ ದೂರು ಕೊಟ್ಟ ಮೇಲೆ ಬ್ಯಾಟರಿ, ನಾಲ್ಕು ಟಯರ್ ಬದಲಾಯಿಸಿ ಸ್ವಲ್ಪ ದುಡ್ಡನ್ನೂ ವಾಪಸ್ ಕೊಟ್ಟರು. ಹೊಸ ಕಾರು ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ಪೂರ್ತಿ ಹಣ ಕಟ್ಟುವ ಮೊದಲು ನಿಮಗೆ ಅಲಾಟ್ ಆದ ಚಾಸಿ ನಂಬರ್, ತಯಾರಿ ತಿಂಗಳು ಎರಡನ್ನೂ ಕೇಳಿ ಬರೆಸಿಕೊಳ್ಳಿ.

ನಿಮ್ಮ ಕಾರು ಏಳು ವರ್ಷ ದಾಟಿದೆ, ಯಾರ್ಡಿನ ಗುರುತೆಲ್ಲ ಅಳಿಸಿಹೋಗಿರುತ್ತದೆ. ಆದರೆ ಕಾರೇ ತನ್ನ ವಯಸ್ಸು ಹೇಳುವ ಜಾಗಗಳಿವೆ. ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ಬುಡದಲ್ಲಿ ಒಂದು ಬಟ್ಟೆ ಚೀಟಿ ಹೊಲಿದಿರುತ್ತದೆ. ಅದರಲ್ಲಿ ತಯಾರಾದ ದಿನ ಇರುತ್ತದೆ. ಕಿಟಕಿ ಗಾಜಿನ ಮೂಲೆಯ ಮುದ್ರೆಯಲ್ಲಿ ವರ್ಷದ ಅಂಕಿ, ತಿಂಗಳಿಗೆ ಚುಕ್ಕಿಗಳು. ಓದುವ ರೀತಿ ಗಾಜಿನ ಕಂಪನಿಗೊಂದು, ಆದರೆ ಎಲ್ಲಾ ಗಾಜಿನಲ್ಲೂ ಮುದ್ರೆ ಒಂದೇ ಥರ ಇದೆಯಾ ಅಂತ ನೋಡಲು ವಿದ್ಯೆ ಬೇಡ. ಭಾಗಗಳೆಲ್ಲ ಕಾರಿಗಿಂತ ಮೊದಲು ಹುಟ್ಟಿರಬೇಕು, ಅಲ್ವಾ? 10/2018ರ ಕಾರಿನಲ್ಲಿ 2021ರ ಗಾಜು ಇದ್ದರೆ ಅದು ಬದಲಾಗಿದೆ. ಮುಂದಿನ ಗಾಜು ಒಂದೇ ಆದರೆ ಎಲ್ಲೋ ಕಲ್ಲು ಸಿಡಿದಿರಬಹುದು, ಬಿಡಿ. ಎಡಗಡೆಯ ಎರಡೂ ಡೋರಿನ ಗಾಜು ಬದಲಾಗಿದ್ದರೆ ‘ಏನಾಗಿತ್ತು’ ಅಂತ ಕೇಳಲೇಬೇಕು. ಚಾಸಿ ನಂಬರ್ ಕೊರೆದಿರುವ ಜಾಗ ಈ ಕಾರುಗಳಲ್ಲಿ ಸಾಮಾನ್ಯವಾಗಿ ಡ್ರೈವರ್ ಪಕ್ಕದ ಸೀಟಿನ ಕೆಳಗೆ, ಮ್ಯಾಟ್ ಎತ್ತಿದರೆ ಸಿಗುತ್ತದೆ. ಮೊಬೈಲ್ ಟಾರ್ಚ್ ಹಾಕಿ 17 ಅಕ್ಷರವನ್ನೂ ಆರ್‌ಸಿ ಜೊತೆ ತಾಳೆ ನೋಡಿ. ಅಕ್ಷರಗಳ ಸುತ್ತ ಉಜ್ಜಿದ ಗುರುತು, ಹೊಸ ಪೇಂಟು ಕಂಡರೆ ಮುಂದಿನ ಮಾತೇ ಬೇಡ, ಎದ್ದು ಬನ್ನಿ.

ಇನ್ನು ದುಡ್ಡು. ಈ ಮೂರು ತಿಂಗಳ ವ್ಯತ್ಯಾಸ ಹೊಸ ಕಾರಿಗೆ ದೊಡ್ಡದು, ಹಳೆಯದಾಗುತ್ತಾ ಹೋದಂತೆ ಕರಗುತ್ತದೆ. ಏಳು ದಾಟಿದ ಕಾರಿಗೆ ಕಂಡೀಷನ್, ಸರ್ವೀಸ್ ದಾಖಲೆ, ಟಯರು ಇವೇ ಬೆಲೆ ಕಟ್ಟುವುದು. ನಾನಾದರೆ ಇದಕ್ಕೆ 2018ರ ಕೊನೆಯ ಗಾಡಿ ಅಂತಲೇ ಬೆಲೆ ಹಾಕಿ, ಅವರು ಹೇಳಿದ್ದರಲ್ಲಿ 15ರಿಂದ 20 ಸಾವಿರ ಇಳಿಸಿ ಅಂತ ಕೂರುತ್ತೇನೆ. ನಾಳೆ ನೀವು ಮಾರುವಾಗ ಕೊಳ್ಳುವವರೂ ನಿಮಗೆ ಇದೇ ತಕರಾರು ತೆಗೆಯುತ್ತಾರೆ, ಆ ನಷ್ಟವನ್ನು ಇವತ್ತೇ ವಸೂಲಿ ಮಾಡಿಕೊಳ್ಳಿ. ಕಾರು ಚೆನ್ನಾಗಿದ್ದು ಅವರು ಇಳಿಸಿದರೆ ತೆಗೆದುಕೊಳ್ಳಿ. ಒಬ್ಬರೇ ಓನರ್, 41 ಸಾವಿರ ಕಿಲೋಮೀಟರ್ ಅನ್ನುವುದು ನಿಜವೇ ಆಗಿದ್ದರೆ ಒಂದು ಅಂಕಿಯ ಸಿಟ್ಟಿಗೆ ಬಿಟ್ಟುಬರುವ ಗಾಡಿಯಲ್ಲ. ಆ ಕಿಲೋಮೀಟರನ್ನು ಕಂಪನಿ ಸರ್ವೀಸ್ ಸೆಂಟರಿನ ದಾಖಲೆಯಲ್ಲಿ ನೋಡಿ ನಂಬಿ, ಮೀಟರ್ ನೋಡಿ ಅಲ್ಲ.

ಬಿಡುವ ಮನಸ್ಸಿದ್ದರೆ ಅಡ್ವಾನ್ಸಿನ ಪ್ರಶ್ನೆ ಬರುತ್ತದೆ. ‘2019 ಮಾಡೆಲ್’ ಅಂತ ಅವರು ಬಾಯಲ್ಲಿ ಹೇಳಿದ್ದಾ, ವಾಟ್ಸಾಪ್‌ನಲ್ಲಿ ಕಳಿಸಿದ್ದಾ, ರಸೀದಿಯಲ್ಲಿ ಬರೆದಿದ್ದಾರಾ? ಬರವಣಿಗೆಯಲ್ಲಿದ್ದರೆ ನಿಮ್ಮ ಕೈ ಮೇಲೆ. ಬಾಯಿ ಮಾತು ಮಾತ್ರ ಆಗಿದ್ದರೆ ಕಷ್ಟ, ಯಾಕೆಂದರೆ ಆರ್‌ಸಿ ಫೋಟೋ ನಿಮಗೆ ಕೊಟ್ಟಿದ್ದರು ಅಂತ ಅವರು ಹೇಳಬಹುದು. ಈಗಲೇ ಒಂದು ಮೆಸೇಜ್ ಹಾಕಿ: ‘ನೀವು 2019 ಅಂದಿರಿ, ಆರ್‌ಸಿಯಲ್ಲಿ 10/2018 ಇದೆ, ಬೆಲೆ ಇಳಿಸಿ ಇಲ್ಲವೇ ಅಡ್ವಾನ್ಸ್ ವಾಪಸ್ ಕೊಡಿ.’ ಜಗಳದ ಮಾತು ಬೇಡ. ಉತ್ತರ ಏನೇ ಬರಲಿ, ಅದೊಂದು ದಾಖಲೆ. ಒಪ್ಪದಿದ್ದರೆ ಗ್ರಾಹಕರ ಸಹಾಯವಾಣಿ 1915 ಇದೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯಲ್ಲಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂದರೆ ಮಂಡ್ಯದಲ್ಲೇ ಆಗುತ್ತದೆ, ಮೈಸೂರಿಗೆ ಅಲೆಯಬೇಕಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ನೀವು ಕೊಟ್ಟಿರುವುದು 20 ಸಾವಿರ, 5 ಲಕ್ಷದವರೆಗೆ ದೂರಿನ ಶುಲ್ಕವೂ ಇಲ್ಲ. ಆದರೂ 20 ಸಾವಿರಕ್ಕೆ ತಿಂಗಳುಗಟ್ಟಲೆ ತಾರೀಕು ತಿರುಗುವ ಪುರುಸೊತ್ತು ನಿಮಗಿದೆಯಾ, ನೀವೇ ಯೋಚಿಸಿ. ನನ್ನ ಅನುಭವದಲ್ಲಿ ವ್ಯಾಪಾರ ಮಾಡಿ ಬದುಕುವವರು ಬರವಣಿಗೆ ಕಂಡ ಕೂಡಲೇ ಅರ್ಧ ದಾರಿಗೆ ಬರುತ್ತಾರೆ. ಇದೆಲ್ಲ ಅಂಗಡಿ ಇಟ್ಟು ವ್ಯಾಪಾರ ಮಾಡುವವರ ವಿಷಯ. ಯಾರೋ ಮನೆಯವರು ತಮ್ಮ ಸ್ವಂತ ಕಾರು ಮಾರಿದ್ದರೆ ಗ್ರಾಹಕ ಆಯೋಗದ ದಾರಿ ಇರುತ್ತಿರಲಿಲ್ಲ.

ತೆಗೆದುಕೊಳ್ಳುವುದೇ ಆದರೆ ಒಪ್ಪಂದದ ಕಾಗದದಲ್ಲಿ ‘ಮಾಡೆಲ್’ ಅನ್ನುವ ಪದ ಬರೆಸಬೇಡಿ. ತಯಾರಿ 10/2018, ರಿಜಿಸ್ಟ್ರೇಷನ್ 17-01-2019 ಅಂತ ಎರಡನ್ನೂ ಬರೆಸಿ, ಚಾಸಿ ನಂಬರ್ ಪೂರ್ತಿ ಹಾಕಿಸಿ. ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಆದಮೇಲೆ ವರ್ಗಾವಣೆ ಅರ್ಜಿಯನ್ನು 30 ದಿನದೊಳಗೆ ನೀವೇ ಹಾಕಿ, ‘ನಾವು ಮಾಡಿಸ್ತೀವಿ ಬಿಡಿ’ ಅಂತ ಹೇಳಿದರೂ ಬಿಡಬೇಡಿ.

ಕೊನೆಗೆ, ಈ ಭಾನುವಾರ ಕಾರು ನೋಡಲು ಹೋದಾಗ ನಿಮ್ಮ ಭಾವನವರನ್ನೂ ಕರೆದುಕೊಂಡು ಹೋಗಿ ಡಿಕ್ಕಿ ತೆಗೆಸಿ. ನಾಲ್ಕು ಟಯರ್ ಬದಲಾಗಿರುತ್ತವೆ, ಸ್ಟೆಪ್ನಿಯನ್ನು ಮಾತ್ರ ಯಾರೂ ಮುಟ್ಟಿರುವುದಿಲ್ಲ. ಅದರ ಪಕ್ಕೆಯ ಮೇಲೆ ಒಂದು ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 3618 ಅಂತಿದ್ದರೆ 2018ರ 36ನೇ ವಾರ, ಅಂದರೆ ಸೆಪ್ಟೆಂಬರ್. ಅಂಥದ್ದು ಸಿಕ್ಕಿದರೆ ಅದು ಕಾರಿನ ಜೊತೆಯಲ್ಲೇ ಬಂದ ಟಯರು. ಕಾರಿನವರನ್ನು ಕರೆದು ಅದನ್ನೊಮ್ಮೆ ತೋರಿಸಿ, ಆಮೇಲೆ ರೇಟು ಮಾತಾಡಿ. ಅಂದ ಹಾಗೆ ಏಳು ವರ್ಷದ ಆ ಸ್ಟೆಪ್ನಿ ನಂಬಿಕೊಂಡು ದೂರ ಹೋಗಬೇಡಿ, ರಬ್ಬರ್ ಗಟ್ಟಿಯಾಗಿರುತ್ತದೆ. ಇಳಿಸಿದ ದುಡ್ಡಿನಲ್ಲಿ ಮೊದಲು ಅದನ್ನೇ ಬದಲಾಯಿಸಿ.